ಪುಡಿಕೋಣೆಯ ಚಿಲಕ

ನೀನು ಬಾಗಿಲು ಬಡಿದದ್ದು ನನಗೆ ಕೇಳಿಸಿತ್ತು, ನಾರಾಯಣಿ.

ಮೊದಲನೇ ಸಲ ಬಡಿದಾಗಲೇ ಕೇಳಿಸಿತ್ತು. 'ರತ್ನಕ್ಕ ಓಡಿಬಂದು ಚಿಲಕ ತೆಗೆದಳು, ಎತ್ತಿಕೊಂಡು ಹೊರಗೆ ತಂದಳು, ಅವಳಿಂದಲೇ ನಾನು ಉಳಿದೆ' — ಹನ್ನೆರಡು ವರ್ಷದಿಂದ ನೀನು ಊರಿಗೆಲ್ಲ ಹೀಗೆ ಹೇಳಿಕೊಂಡು ಬಂದಿದ್ದೀಯ. ಓಡಿಬಂದದ್ದು ನಿಜ. ಆದರೆ ಓಡುವುದಕ್ಕೆ ಮುಂಚೆ ನಾನು ಹುಣಸೆಮರದ ಕೆಳಗೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಬಡಿತ ಕೇಳಿಸಿತು. ಸುಣ್ಣ ಹಚ್ಚಿ ಮುಗಿಸಿದೆ. ಅಡಿಕೆ ಇಟ್ಟೆ, ಮಡಿಚಿದೆ, ಬಾಯಿಗೆ ಹಾಕಿಕೊಂಡು ಅಗಿದೆ. ಆಮೇಲೆ ಬಡಿತ ನಿಂತಿತು. ನಿಂತ ಮೇಲೆಯೇ — ಅಷ್ಟರವರೆಗೆ ಅಲ್ಲ — ನನಗೆ ಹೆದರಿಕೆಯಾದದ್ದು.

ಶಿಲ್ಪಾ, ನಿಮ್ಮಮ್ಮನಿಗೆ ಓದಲು ಬರುವುದಿಲ್ಲ, ಇದನ್ನು ಅವಳಿಗೆ ಓದಿ ಹೇಳುವವಳು ನೀನೇ. ಇನ್ನು ಎಂಟು ದಿನಕ್ಕೆ ಹಸೆಮಣೆ ಏರುವ ಹುಡುಗಿಯ ಬಾಯಲ್ಲಿ ಇಂಥದ್ದನ್ನು ಆಡಿಸುವುದು ತಪ್ಪು, ಗೊತ್ತು. ನಾನೇ ಎದುರು ಕೂತು ಹೇಳಬೇಕಿತ್ತು. ಅದಕ್ಕೆಂದೇ ಈ ವಾರ ಮೂರು ಸಲ ನಿಮ್ಮ ಮನೆಗೆ ಬಂದೆ. ಮೂರು ಸಲವೂ ನಿಮ್ಮಮ್ಮ ಕಾಫಿ ಕೊಟ್ಟಳು. ಕುಡಿದೆ, ಸಕ್ಕರೆ ಜಾಸ್ತಿ ಆಯಿತು ಅಂತ ಒಂದು ತಪ್ಪು ಹುಡುಕಿದೆ, ಎದ್ದು ಬಂದೆ. ನನ್ನ ಬಾಯಿ ಎಷ್ಟು ಜೋರು ಅಂತ ಊರಿಗೆಲ್ಲ ಗೊತ್ತಿದೆ. ಯಾವುದಕ್ಕೆ ಜೋರು, ಯಾವುದಕ್ಕೆ ಇಲ್ಲ ಅನ್ನುವುದು ಈಗ ನಿನಗೂ ಗೊತ್ತಾಗಲಿ. ಓದು, ನಡುವೆ ನಿಲ್ಲಿಸಬೇಡ. ಅಮ್ಮ ಸಾಕು ಬಿಡು ಅಂದರೂ ನಿಲ್ಲಿಸಬೇಡ.

ಹೋದ ಶುಕ್ರವಾರ ನೀನು ಕುಂಕುಮದ ಬಟ್ಟಲು ಹಿಡಿದು ನನ್ನ ಮನೆಗೆ ಬಂದೆ, ನಾರಾಯಣಿ. ಹೊಸಲಿನ ಹೊರಗೇ ನಿಂತೆ. ಒಳಗೆ ಬಾ ಅಂದರೂ ಬರಲಿಲ್ಲ — ಒಳಗೆ ದೇವರಿಗೆ ಹೂವಿಟ್ಟಿದ್ದೆ, ದೇವರ ಮುಂದೆ ಸೀನು ಬಂದೀತೆಂದು ಹೆದರಿಯೇ ನೀನು ಬರಲಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಹೊರಗಿನಿಂದಲೇ ನೀನು ಕೇಳಿದೆ:

"ಅಕ್ಕಾ, ಧಾರೆಗೆ ನೀನೂ ಬಾವನೂ ನಿಂತ್ಕಳಿ. ನಾನು ಅತ್ರ ಬರಲ್ಲ. ನನ್ ಸೀನು ನನ್ ಮಗಳ ತಲೆ ಮ್ಯಾಲೆ ಬೀಳೋದು ಬ್ಯಾಡ. ನೀನು ನನ್ ಜೀವ ಉಳಿಸ್ದೋಳು, ನಿನ್ ಕೈಲಿ ಎರದ್ರೆ ಅವ್ಳು ಚೆನ್ನಾಗಿರ್ತಾಳೆ."

ನಾನು ಆಯ್ತು ಅಂದುಬಿಟ್ಟೆ. ನೀನು ಹೋದ ಮೇಲೆ ಬಟ್ಟಲನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ನಿಂತಿದ್ದೆ.

ಈಗ ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಶಿಲ್ಪಾಳಿಗೆ ಗೊತ್ತಿಲ್ಲ, ಆಗ ಅವಳಿಗೆ ಹತ್ತು ವರ್ಷ.

ಬೇತಮಂಗಲದ ಕೆರೆಯಾಚೆಯ ಆ ಸೀತಾಫಲದ ತೋಟದಲ್ಲಿ ನಾನು ಹೆಣ್ಣಾಳುಗಳ ಮೇಸ್ತ್ರಿ. ನೀನಲ್ಲದೆ ಇನ್ನೂ ಎಂಟು ಜನ ನನ್ನ ಕೈಕೆಳಗೆ. ಕಾಡಿನ ಸೀತಾಫಲ ತಾನೇ ಹೂ ಬಿಟ್ಟು ತಾನೇ ಕಾಯಿ ಕಟ್ಟುತ್ತದೆ. ತೋಟದ ಯಜಮಾನರು ಹಾಕಿದ್ದ ದೊಡ್ಡ ಕಾಯಿಯ ಜಾತಿಗೆ ಆ ಬುದ್ಧಿ ಇಲ್ಲ. ಅದಕ್ಕೆ ಮನುಷ್ಯರೇ ಹೂವಿನಿಂದ ಹೂವಿಗೆ ಪುಡಿ ಮುಟ್ಟಿಸಬೇಕು. ಓದಿದವರು ಪರಾಗಸ್ಪರ್ಶ ಅಂತಾರೆ, ನಾವು 'ಪುಡಿ ಮುಟ್ಟಿಸೋದು' ಅಂತಿದ್ದೆವು. ನಾಟಿ ಮರದ ಹೂ ಬಿಡಿಸಿ ತಂದು, ಕಾಗದದ ಮೇಲೆ ಹರಡಿ, ಅವು ಪುಡಿ ಉದುರಿಸುವ ತನಕ ಕಾದು, ಕೊಡವಿ, ಜರಡಿ ಹಿಡಿದು ಸಣ್ಣ ಡಬ್ಬಿಗೆ ತುಂಬುವುದು. ಮಾರನೇ ಬೆಳಿಗ್ಗೆ ಬಿಸಿಲೇರುವುದರೊಳಗೆ, ಅರ್ಧ ಬಿರಿದ ಹೂವಿನ ದಪ್ಪ ಎಸಳುಗಳನ್ನು ಬೆರಳಲ್ಲಿ ಅಗಲಿಸಿ, ಒಳಗೆ ಬ್ರಷ್ಷು ಇಟ್ಟು ಒಂದು ಸುತ್ತು ತಿರುಗಿಸುವುದು. ಎಸಳು ಮುರಿಯಬಾರದು. ಮುರಿದರೆ ಆ ಹೂ ಹೋಯಿತು.

ಈ ಕೆಲಸದಲ್ಲಿ ನಿನ್ನ ಕೈಯಂಥ ಕೈ ಇರಲಿಲ್ಲ. ನಾನು ಒಂದು ಗಿಡ ಮುಗಿಸುವಷ್ಟರಲ್ಲಿ ನೀನು ಎರಡು ಮುಗಿಸಿ, ಮೂರನೆಯದರ ಕೊಂಬೆ ಬಾಗಿಸಿಕೊಂಡಿರುತ್ತಿದ್ದೆ. ನಿನ್ನ ಸಾಲಿನಲ್ಲಿ ಕಾಯಿ ಗೊಂಚಲು ಗೊಂಚಲಾಗಿ ನಿಲ್ಲುತ್ತಿತ್ತು. ನೀನು ಸೇರಿದ ಎರಡನೇ ವರ್ಷದ ಕೊನೆಗೆ ಯಜಮಾನರು ಎಲ್ಲರೆದುರು ಅಂದರು: "ಏಮ್ಮಾ ರತ್ನಮ್ಮಾ, ನೀನೂ ಅತ್ತು ವರ್ಸದಿಂದ ಮಾಡ್ತಿದ್ದೀಯ, ಈಯಮ್ಮನ ಕೈ ನೋಡಿ ಕಲ್ತ್ಕ. ಬರೋ ವರ್ಸ ಈಯಮ್ಮನ್ನೇ ಮೇಸ್ತ್ರಿ ಮಾಡ್ಬುಡಾಣ." ಎಲ್ಲರೂ ನಕ್ಕರು. ನೀನು ನಗಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಆ ಮಾತು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಎಸ್ಸೆಸ್ಸೆಲ್ಸಿ ಓದಿದವಳು ನಾನು, ಹೆಸರು ಬರೆಯಲು ಬಾರದವಳ ಕೈಕೆಳಗೆ ನಿಲ್ಲಬೇಕೆ? ಇದು ಆಗ ನಾನು ಯೋಚಿಸಿದ ರೀತಿ, ಇದ್ದ ಹಾಗೇ ಬರೆಯುತ್ತಿದ್ದೇನೆ. ನೀನು ಆ ಕೆಲಸ ಕೇಳಿಯೂ ಇರಲಿಲ್ಲ.

ಮೂರನೇ ವರ್ಷ, ಯಜಮಾನರು ನಿನ್ನನ್ನು ಮೇಸ್ತ್ರಿ ಮಾಡುವ ಮುಂಚೆಯೇ, ನಿನಗೆ ಸೀನು ಶುರುವಾಯಿತು. ನಮ್ಮಲ್ಲಿ ಒಂದು ಪದ್ಧತಿ ಇತ್ತಲ್ಲ — ಬೆಳಿಗ್ಗೆ ಮೊದಲನೇ ಹೂವಿಗೆ ಪುಡಿ ಮುಟ್ಟಿಸುವ ಮುಂಚೆ ಯಾರಾದರೂ ಸೀನಿದರೆ ಎಲ್ಲರೂ ಕೂತು, ಒಂದು ಗುಟುಕು ನೀರು ಕುಡಿದು, ಆಮೇಲೆ ಏಳಬೇಕು. ಮೊದಮೊದಲು ಅದೊಂದು ತಮಾಷೆ. ನೀನು ಸೀನುವುದು, ಎಂಟು ಜನ ಕೂರುವುದು, ನೀರು ಕುಡಿಯುವುದು, ಏಳುವಷ್ಟರಲ್ಲಿ ಮತ್ತೊಂದು ಸೀನು. ಮಾರಿಕುಪ್ಪಂನಿಂದ ಬರುತ್ತಿದ್ದ ಸೆಲ್ವಿ, "ಅಯ್ಯೋ ಅಕ್ಕಾ, ಇವತ್ತು ತಣ್ಣಿ ಕುಡ್ದೇ ವಯಿರು ತುಂಬೋಯ್ತು" ಅಂತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನೀನೂ ನಗುತ್ತಿದ್ದೆ, ಮೂಗು ಒರೆಸಿಕೊಳ್ಳುತ್ತಾ. ಹದಿನೈದು ದಿನದಲ್ಲಿ ಕಣ್ಣು ಊದಿ ಕೆಂಪಾಯಿತು, ಕತ್ತಿನ ಮೇಲೆ ಗಂಧೆಗಳು ಎದ್ದವು, ಮಾತಾಡುವಾಗ ಎದೆಯೊಳಗೆ ಸಿಳ್ಳೆ ಕೇಳಿಸತೊಡಗಿತು. ಮನೆಯಲ್ಲಿ ಭಾನುವಾರ ಇದ್ದರೆ ಕಡಿಮೆ, ಸೋಮವಾರ ತೋಟಕ್ಕೆ ಕಾಲಿಟ್ಟರೆ ಮತ್ತೆ ಅದೇ. ಇದನ್ನು ನೀನೇ ನನಗೆ ಹೇಳಿದೆ. ನಾನು ಕೇಳಿಸಿಕೊಂಡೆ.

ಯಜಮಾನರು ಹೇಳಿದರೆಂದು ನಿನ್ನನ್ನು ಬಂಗಾರಪೇಟೆಗೆ ಕರೆದುಕೊಂಡು ಹೋದೆ. ಸ್ಟೇಷನ್ನಿನ ಹತ್ತಿರದ ಒಬ್ಬ ಡಾಕ್ಟರ ಹತ್ತಿರ. ನಿನಗೆ ಮುಖಕ್ಕೆ ಕವಚ ಹಾಕಿ ಔಷಧಿಯ ಹೊಗೆ ಕೊಡಲು ಆಚೆ ಕೋಣೆಯಲ್ಲಿ ಕೂರಿಸಿದರು. ನನ್ನನ್ನು ಒಳಗೆ ಕರೆದು ಕೇಳಿದರು, ಇವರು ಏನು ಕೆಲಸ ಮಾಡ್ತಾರೆ ಅಂತ. ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ಹೂವಿನ ಪುಡಿ ಇವರ ಮೈಗೆ ಆಗ್ತಿಲ್ಲಮ್ಮ. ಅಲರ್ಜಿ. ಮೊದಲು ಒಂದೆರಡು ವರ್ಷ ಏನೂ ಗೊತ್ತಾಗಲ್ಲ, ಆಮೇಲೆ ಮೈ ತಡೆಯಲ್ಲ. ಆ ಕೆಲಸದಿಂದ ತೆಗೀರಿ. ನೀರು ಬಿಡೋದು, ಕಾಯಿ ತುಂಬೋದು, ಬೇರೆ ಏನಾದ್ರೂ ಕೊಡಿ. ಹಾಗೇ ಬಿಟ್ರೆ ಒಂದಿನ ಉಸಿರೇ ಸಿಗಲ್ಲ. ತೋಟ ಅಂತಲ್ಲ, ಜಾಸ್ತಿ ಹೂವಿರೋ ಕಡೆ ಎಲ್ಲೇ ಹೋದ್ರೂ ಸೀನು ಬರ್ಬಹುದು, ಹೆದರ್ಕೋಬೇಡಿ ಅನ್ನಿ."

ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದರು. ಯಜಮಾನರಿಗೆ ತೋರಿಸಬೇಕು, ಕನ್ನಡದಲ್ಲೂ ಎರಡು ಸಾಲು ಬರೆದುಕೊಡಿ ಅಂತ ನಾನೇ ಕೇಳಿದೆ. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ ಎಂದು ಕಾಣುತ್ತದೆ — ಇಲ್ಲ, ಹೀಗೆ ಬರೆದರೆ ನನ್ನ ಕಡೆಗೆ ವಾಲುತ್ತದೆ. ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಚೀಟಿಯನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡೆ.

ವಾಪಸು ಬರುವಾಗ ಮಾರಿಕುಪ್ಪಂ ರೈಲಿನಲ್ಲಿ ನೀನು ಕಿಟಕಿಯ ಪಕ್ಕ ಕೂತಿದ್ದೆ. ಹೊಗೆ ಕೊಟ್ಟ ಮೇಲೆ ಉಸಿರು ಸಲೀಸಾಗಿತ್ತು, ಮುಖ ಗೆಲುವಾಗಿತ್ತು. ಗಾಳಿಗೆ ಮುಖ ಕೊಟ್ಟುಕೊಂಡು ಕೇಳಿದೆ:

"ಡಾಕ್ಟ್ರು ಏನಂದ್ರಕ್ಕಾ?"

ಚೀಟಿ ನನ್ನ ಸೊಂಟದಲ್ಲಿತ್ತು. ಓದಿ ಹೇಳಿದ್ದರೆ ಸಾಕಿತ್ತು. ನೀನು ನೀರು ಬಿಡುವ ಕೆಲಸಕ್ಕೆ ಹೋಗುತ್ತಿದ್ದೆ, ನನ್ನ ಮೇಸ್ತ್ರಿತನವೂ ನನಗೇ ಉಳಿಯುತ್ತಿತ್ತು. ಅಷ್ಟು ಯೋಚಿಸುವ ಬುದ್ಧಿಯೂ ಇರಲಿಲ್ಲ ನನಗೆ. ನಿನ್ನ ಗೆಲುವಾದ ಮುಖ ನೋಡಿ ನನಗೆ ರೇಗಿತು. ನಾನಂದೆ:

"ಮೈಯಾಗೆ ಏನೂ ಇಲ್ವಂತೆ ಕಣೇ. ಇದು ಡಾಕ್ಟ್ರು ಕೈಲಿ ಓಗೋದಲ್ಲ."

ನೀನು ನಂಬಿಬಿಟ್ಟೆ. ಕಿಟಕಿಯಿಂದ ಈಚೆ ಸರಿದು, ಸೆರಗು ಹೊದ್ದು ಕೂತೆ. ನಾವಿಳಿಯುವ ಕೋರಮಂಡಲ್ ಸ್ಟೇಷನ್ ಬರುವವರೆಗೆ ಹಾಗೇ ಕೂತಿದ್ದೆ. ಆವತ್ತು ಕಿಟಕಿಯಿಂದ ಸರಿದವಳು ನೀನು — ಆಮೇಲೆ ಎಲ್ಲೆಲ್ಲಿಂದ ಸರಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಮಾರನೇ ದಿನ, ಡಾಕ್ಟರು ಏನೂ ಇಲ್ಲ ಅಂದರು ಅಂತ ಯಜಮಾನರಿಗೂ ಹೇಳಿ, ನಿನ್ನನ್ನು ಪುಡಿಕೋಣೆಗೆ ಹಾಕಿದೆ. ಹೂ ಹರಡಿ ಪುಡಿ ಉದುರಿಸುವ ಕೋಣೆ. ಒಂದು ಕಿಟಕಿ, ಅದಕ್ಕೂ ಗೋಣಿಚೀಲ ಹೊಡೆದಿತ್ತು. ಫ್ಯಾನು ಇಲ್ಲ, ಇದ್ದರೆ ಪುಡಿ ಹಾರಿಹೋಗುತ್ತದೆ. ಬಾಗಿಲು ಗಾಳಿಗೆ ತೆರೆದುಕೊಳ್ಳದಿರಲಿ ಎಂದು ಹೊರಗಿನಿಂದ ಚಿಲಕ. ಬೇರೆಯವರನ್ನು ಅರ್ಧ ಗಂಟೆಗೊಂದು ಸಲ ಬದಲಾಯಿಸುತ್ತಿದ್ದೆ, ಯಾಕೆಂದರೆ ಅಲ್ಲಿ ಯಾರಿಗೇ ಆಗಲಿ ಗಂಟಲು ಕೆರೆಯುತ್ತಿತ್ತು. ನಿನ್ನನ್ನು ಬದಲಾಯಿಸಲಿಲ್ಲ. "ನಿನ್ ಕೈ ಅಗುರ, ನಿನ್ನಂಗೆ ಯಾರು ಜರಡಿ ಇಡೀತಾರೆ" ಅಂತ ಹೊಗಳಿ ಒಳಗೆ ಕೂರಿಸಿದೆ. ನೀನು ಸಂತೋಷಪಟ್ಟೆ. ಒದ್ದೆ ಟವಲು ಮುಖಕ್ಕೆ ಕಟ್ಟಿಕೊಂಡು ಹೋಗಿ ಕೂತೆ.

ಕೊಲ್ಲಬೇಕು ಅಂತ ಇತ್ತೇ ಎಂದು ಶಿಲ್ಪಾ ಕೇಳಬಹುದು. ಇಲ್ಲ. ನಿಮ್ಮಮ್ಮ ತಾನಾಗಿಯೇ, ನನ್ನಿಂದ ಆಗಲ್ಲ ಅಂತ ಕೈಚೆಲ್ಲಿ ಹೋಗಲಿ ಎಂದಿತ್ತು. ಅವಳು ಹೋಗುವವಳಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ನಿಮ್ಮಪ್ಪ ಆಗ ಕಾಲು ಮುರಿದುಕೊಂಡು ಮನೆಯಲ್ಲಿದ್ದ.

ಇನ್ನೊಂದು ಇದೆ. ಇದು ಯಾರಿಗೂ ಗೊತ್ತಿಲ್ಲ, ನನ್ನ ಗಂಡನಿಗೂ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಆ ವರ್ಷ ಕೆರೆ ಕಡೆಯ ನಾಲ್ಕು ಸಾಲುಗಳ ಹೂ ಪೂರ್ತಿ ಉದುರಿತಲ್ಲ, ನೆನಪಿದೆಯಾ? ಅದು ನನ್ನ ಕೈಕೆಲಸ. ಪುಡಿ ತಣ್ಣಗಿರಬೇಕು, ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿಡಬೇಕು ಅಂತ ನಿಮಗೆಲ್ಲ ಬೈದು ಬೈದು ಕಲಿಸಿದವಳು ನಾನು. ಒಂದು ಮಧ್ಯಾಹ್ನ ಮೋಟಾರು ಮನೆಯ ತಗಡಿನ ಮೇಲೆ ಡಬ್ಬಿ ಇಟ್ಟು, ಟೆಂಪೋದವನ ಜೊತೆ ಜಗಳಕ್ಕೆ ನಿಂತು ಮರೆತೆ. ಸಂಜೆ ನೋಡಿದರೆ ಡಬ್ಬಿ ಮುಟ್ಟಲಾಗದಷ್ಟು ಕಾದಿತ್ತು. ಪುಡಿ ಸತ್ತಿದೆ ಎಂದು ಆಗಲೇ ಗೊತ್ತಾಯಿತು. ಚೆಲ್ಲಿದರೆ ಕೇಳುತ್ತಾರೆ. ಚೆಲ್ಲಲಿಲ್ಲ. ಬೆಳಿಗ್ಗೆ ಅದನ್ನೇ ಎಲ್ಲರ ಕೈಗೆ ಹಂಚಿದೆ.

ವಾರದೊಳಗೆ ಹೂವೆಲ್ಲ ತೊಟ್ಟಿನ ಸಮೇತ ನೆಲಕ್ಕೆ ಬಿತ್ತು. ಯಜಮಾನರು ಬಂದರು. ಒಂದು ಹಿಡಿ ಉದುರಿದ ಹೂ ಎತ್ತಿ ನನ್ನ ಮುಂದೆ ಹಿಡಿದು, "ಏಮಿ ರತ್ನಮ್ಮಾ ಇದು?" ಅಂದರು. ಎಂಟು ಜನ ಸುತ್ತ ನಿಂತಿದ್ದರು. ನೀನು ಕೋಣೆಯೊಳಗಿದ್ದೆ, ಸರಿಯಾಗಿ ಆಗಲೇ ಒಳಗಿನಿಂದ ಸೀನು ಕೇಳಿಸಿತು. ನಾನು ಕೋಣೆಯ ಕಡೆಗೆ ಕತ್ತು ತಿರುಗಿಸಿದೆ ಅಷ್ಟೇ. ಆಮೇಲೆ ಮೆಲ್ಲಗೆ ಹೇಳಿದೆ:

"ಸೀನೋರ ಕೈಲಿ ಜರಡಿ ಇಡಿದ್ ಪುಡಿ ಸಾರ್. ಎಂಗೆ ನಿಂತಾತು?"

ಯಜಮಾನರು ಹೂ ಚೆಲ್ಲಿ ಹೋದರು. ಹೆಂಗಸರಿಗೆ ಅಷ್ಟು ಸಾಕಾಯಿತು. ಮಾರನೇ ದಿನದಿಂದ ನಿನ್ನ ಬುತ್ತಿಯ ಪಕ್ಕ ಯಾರೂ ಬುತ್ತಿ ಬಿಚ್ಚಲಿಲ್ಲ. ನೀನು ಕುಡಿದ ಚೊಂಬನ್ನು ಹುಣಸೆಹಣ್ಣು ಹಾಕಿ ತೊಳೆದರು. ನೀನು ಕೋಣೆಗೆ ಹೋಗುವಾಗ ದಾರಿ ಬಿಟ್ಟು ಆಚೆ ನಿಲ್ಲುತ್ತಿದ್ದರು. ನೀನು ಸೀನು ಬರುವಾಗ ಮೂಗು, ಬಾಯಿ ಎರಡನ್ನೂ ಬಿಗಿಹಿಡಿದು ತಡೆಯಲು ಕಲಿತೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮೈಯೆಲ್ಲ ನಡುಗುತ್ತಿತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ. ಸೆಲ್ವಿ ಒಬ್ಬಳೇ ನನ್ನ ಹತ್ತಿರ ಬಂದು, "ಪಾವಂ ಅಕ್ಕಾ, ಆ ರೂಮಿಂದ ತೆಗೀರಿ ಅದ್ನ" ಅಂದಳು. "ನಿನಗಿಷ್ಟು ಕರುಣೆ ಇದ್ರೆ ನೀನೇ ಓಗಿ ಕೂತ್ಕ" ಅಂದೆ. ಅವಳು ತನ್ನ ಸಾಲಿಗೆ ವಾಪಸು ಹೋದಳು.

ಇದಾಗಿ ನಾಲ್ಕನೇ ದಿನ ನೀನು ಬಾಗಿಲು ಬಡಿದೆ.

ಎಲ್ಲರೂ ದೂರದ ಸಾಲಿನಲ್ಲಿದ್ದರು. ನಾನು ಮರದಡಿ. ಬಡಿತ ಜೋರಾಗಿರಲಿಲ್ಲ, ಅಂಗೈಯಿಂದ ಬಡಿದ ಹಾಗಿತ್ತು. ಎರಡು ಸಲ, ಆಮೇಲೆ ಸ್ವಲ್ಪ ಬಿಟ್ಟು ಮೂರು ಸಲ. ಕೂಗಲಿಲ್ಲ ಯಾಕೆ ಎಂದುಕೊಂಡೆ. ಕೂಗುವುದಕ್ಕೆ ಉಸಿರು ಬೇಕು ಅಂತ ನನಗೆ ಹೊಳೆಯಲಿಲ್ಲವೇ — ಹೊಳೆಯಿತು. ಡಾಕ್ಟರ ಮಾತು ಅಕ್ಷರಕ್ಷರ ನೆನಪಾಯಿತು. ನೆನಪಾದ ಮೇಲೂ ಬೆರಳು ಎಲೆಯ ಮೇಲೆ ಸುಣ್ಣ ಸವರುತ್ತಲೇ ಇತ್ತು. ಇನ್ನೊಂದು ಚೂರು ಬಡೀಲಿ ಅಂದುಕೊಂಡೆ. ಹೀಗೇ ಅಂದುಕೊಂಡೆ, ಇದೇ ಪದಗಳಲ್ಲಿ.

ಚಿಲಕ ತೆಗೆದಾಗ ನೀನು ಬಾಗಿಲಿಗೆ ಒರಗಿದ್ದವಳು ನನ್ನ ಕಾಲ ಮೇಲೆ ಬಿದ್ದೆ. ತುಟಿ ನೀಲಿಯಾಗಿತ್ತು. ಮುಖ, ರೆಪ್ಪೆ, ಕೈ ಎಲ್ಲ ಹಳದಿ ಪುಡಿ. ನಾನು ಕಿರುಚಿಕೊಂಡೆ, ಟ್ರ್ಯಾಕ್ಟರು ಬಂತು, ಆಸ್ಪತ್ರೆ, ಮೂಗಿಗೆ ನಳಿಗೆ. ಐದು ದಿನ ಅಲ್ಲೇ ನಿನ್ನ ಪಕ್ಕ ಕೂತೆ, ಅಲ್ಲಿನ ಡಾಕ್ಟರು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಹೇಳಿದೆ, ಹೂವಿನ ಪುಡಿಯ ಮಾತು ಎತ್ತಲಿಲ್ಲ. ಕಣ್ಣು ಬಿಟ್ಟವಳು ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನೀನಿಲ್ದಿದ್ರೆ ನಾನು ಅಲ್ಲೇ ಓಗ್ಬಿಡ್ತಿದ್ದೆ" ಅಂದೆ. ಪಕ್ಕದ ಮಂಚದವರೂ ನನ್ನನ್ನು ನೋಡಿ ಕೈಮುಗಿದರು. ನಾನು ಸುಮ್ನಿರೇ, ದೇವ್ರು ದೊಡ್ಡೋನು ಅಂದೆ. ಆ ಹೊಗಳಿಕೆ ನನಗೆ ಹಿತವಾಗಿತ್ತು, ನಾರಾಯಣಿ. ಇದನ್ನು ಬರೆಯುವುದೇ ಉಳಿದದ್ದೆಲ್ಲಕ್ಕಿಂತ ಕಷ್ಟವಾಗುತ್ತಿದೆ.

ಸೆಲ್ವಿ ಮಾತ್ರ ಆವತ್ತೇ, ಟ್ರ್ಯಾಕ್ಟರು ಬರುವಷ್ಟರಲ್ಲಿ, ನನ್ನನ್ನು ಕೇಳಿದ್ದಳು, ಬಡಿದದ್ದು ಕೇಳಿಸಲಿಲ್ಲವಾ ಅಕ್ಕಾ ಅಂತ. ಇಲ್ಲ ಅಂದೆ. ಅವಳು ಎಲೆಅಡಿಕೆಗೆ ಕೆಂಪಾದ ನನ್ನ ಬಾಯಿಯನ್ನೇ ನೋಡಿದಳು. ಆ ಹಂಗಾಮು ಮುಗಿದ ಮೇಲೆ ಅವಳು ಮತ್ತೆ ಕೆಲಸಕ್ಕೆ ಬರಲಿಲ್ಲ.

ನೀನು ಬದುಕಿದೆ. ಆದರೆ ಎರಡು ಕೊಡ ನೀರು ಒಟ್ಟಿಗೆ ಹೊರುತ್ತಿದ್ದವಳು ಅರ್ಧ ಕೊಡಕ್ಕೆ ಏದುಸಿರು ಬಿಡುವ ಹಾಗಾದೆ, ತೋಟದ ಕೆಲಸ ಬಿಟ್ಟೆ. ಪುಡಿಕೋಣೆಗೆ ಹೆಂಗಸರು ಅರಿಶಿನದ ನೀರು ಚಿಮುಕಿಸಿದರು. ಆ ನೀರನ್ನು ಕಲಸಿಕೊಟ್ಟವಳು ನಾನು.

ನಾನು ಹಚ್ಚಿದ ಆ ಅಪಶಕುನದ ಹೆಸರು ತೋಟದಲ್ಲೇ ಉಳಿದುಹೋಗಬಹುದು ಎಂದುಕೊಂಡಿದ್ದೆ. ಉಳಿಯಲಿಲ್ಲ. ಮದುವೆ ಮನೆಗೆ ಹೋದರೆ ಸೇವಂತಿಗೆ ಹಾರ, ಕುಕ್ಕೆ ತುಂಬ ಬಿಡಿಹೂ. ನಿನಗೆ ಸೀನು ಬಂದೇ ಬರುತ್ತದೆ. ನಾಮಕರಣಕ್ಕೆ ಹೋದರೂ ಅದೇ. ಜನ ಒಬ್ಬರ ಮುಖ ಒಬ್ಬರು ನೋಡಿದರು. ನೀನೂ ನಂಬಿದೆ — ನನ್ನಲ್ಲೇ ಏನೋ ಇದೆ, ಒಳ್ಳೆಯದು ನಡೆಯುವ ಕಡೆಯೇ ನನಗೆ ಸೀನು ಬರುತ್ತದೆ ಅಂತ. ಒಳ್ಳೆಯದು ನಡೆಯುವ ಕಡೆ ಹೂವಿರುತ್ತದೆ, ಅದಕ್ಕೆ ಬರುತ್ತದೆ. ಇಷ್ಟನ್ನು ಹೇಳಲು ಒಂದು ಉಸಿರು ಸಾಕಿತ್ತು ನನಗೆ. ನೀನು ಚಪ್ಪರದಾಚೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲಲು ಶುರು ಮಾಡಿದೆ. ಮುಹೂರ್ತಕ್ಕೆ ಮುಂಚೆ ಮನೆಗೆ ಹೊರಟುಬಿಡುತ್ತಿದ್ದೆ. ಊಟದ ಹೊತ್ತಿಗೆ ನಿನ್ನನ್ನು ಹುಡುಕಿದವರು ಯಾರೂ ಇಲ್ಲ.

ನನ್ನ ಮಗನ ಮದುವೆಗೆ ನಾನೇ ಬಾ ಅಂದಿದ್ದೆ. ನೀನು ಹೊಸ ಸೀರೆ ಉಟ್ಟು, ತಲೆ ತುಂಬ ಎಣ್ಣೆ ಹಚ್ಚಿ ಬಾಚಿಕೊಂಡು ಬಂದೆ. ಹಾರದ ಕುಕ್ಕೆ ಬಾಗಿಲಲ್ಲೇ ಇತ್ತು. ನೀನು ಸೀನಿದೆ, ಮತ್ತೆ ಸೀನಿದೆ, ಬೀಗರ ಕಡೆಯ ಹೆಂಗಸರು ತಿರುಗಿ ನೋಡಿದರು. ನಾನು ಎಲ್ಲರಿಗೂ ಕೇಳುವ ಹಾಗೆ, "ಬಂದ್ಲಪ್ಪಾ ನಮ್ ಸೀನಮ್ಮ" ಅಂದೆ. ನಗು ಎದ್ದಿತು. ಯಾಕೆ ಅಂದೆನೋ — ಬೀಗರ ಮುಂದೆ ನನ್ನ ಮರ್ಯಾದೆ ಉಳಿಯಲಿ ಎಂದಿರಬೇಕು. ನೀನು ಉಣ್ಣದೆ ಹೋದೆ. ಮಾರನೇ ದಿನ ಬಂದು, "ತಪ್ಪಾಯ್ತಕ್ಕಾ, ನಾನು ಬರ್ಬಾರ್ದಿತ್ತು" ಅಂತ ನನ್ನನ್ನೇ ಕ್ಷಮೆ ಕೇಳಿದೆ. ಆಗಲಿ ಬಿಡು ಅಂದೆ, ದೊಡ್ಡ ಮನಸ್ಸು ಮಾಡಿದವಳ ಹಾಗೆ.

ಹೋದ ಮಾವಿನ ಹೂವಿನ ಕಾಲದಲ್ಲಿ ಆಸ್ಪತ್ರೆಯ ನರ್ಸಮ್ಮ ಒಬ್ಬರು ಪಂಚಾಯಿತಿ ಕಟ್ಟೆಯ ಹತ್ತಿರ ತೋಟದ ಹೆಂಗಸರನ್ನೆಲ್ಲ ಕೂರಿಸಿಕೊಂಡು ಹೇಳಿದರು — ಹೂವಿನ ಪುಡಿ ಕೆಲವರಿಗೆ ಆಗುವುದಿಲ್ಲ, ಸೀನು, ತುರಿಕೆ, ಉಬ್ಬಸ ಬರುತ್ತದೆ, ಮೂಗಿಗೆ ಮಾಸ್ಕು ಕಟ್ಟಿ, ಜಾಸ್ತಿಯಾದರೆ ಕೆಲಸ ಬದಲಿಸಿ, ಇದಕ್ಕೆ ಔಷಧಿ ಇದೆ. ಎಲ್ಲರೂ ಆ ಅಂತ ಬಾಯಿ ಬಿಟ್ಟು ಕೇಳಿದರು. ನಾನೂ ಅವರ ಜೊತೆ ಹೌದಾ, ಅಂಗೂ ಆಗ್ತದಾ ಅಂದೆ. ನೀನು ಅಲ್ಲಿರಲಿಲ್ಲ, ನಾಲ್ಕು ಜನ ಸೇರುವ ಕಡೆ ನೀನು ಬರುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮನೆಗೆ ಹೋಗುವ ದಾರಿಯಲ್ಲಿ ನಿನ್ನ ಬಾಗಿಲ ಮುಂದೆಯೇ ಹಾದುಹೋದೆ. ನೀನು ಹಸುವಿಗೆ ಹುಲ್ಲು ಹಾಕುತ್ತಿದ್ದೆ. ಏನ್ ಮೀಟಿಂಗಕ್ಕಾ ಅಂತ ಕೇಳಿದೆ. ಎಂತದೋ ಮಾಸ್ಕು ಅಂತೆ ಕಣೇ ಅಂದು ನಡೆದುಬಿಟ್ಟೆ.

ಈ ವರ್ಷ ನನ್ನ ಗುಂಪಿಗೆ ಹೊಸದಾಗಿ ಬಂದಿರುವ ಒಬ್ಬ ಸೊಸೆ ಹುಡುಗಿ ಸೀನಲು ಶುರು ಮಾಡಿದಳು. ಎರಡನೇ ದಿನವೇ ಅವಳಿಗೆ, "ನೀನು ನಾಳೆಯಿಂದ ನೀರು ಬಿಡೋಕ್ ಓಗಮ್ಮ" ಅಂದೆ. ಸರಿ ಅಂದಳು, ಹೋದಳು. ಈಗ ಚೆನ್ನಾಗಿದ್ದಾಳೆ. ಒಂದು ಮಾತು ಸಾಕಾಯಿತು. ಅವಳು ಪೈಪು ಎಳೆದುಕೊಂಡು ಹೋಗುವುದನ್ನು ನೋಡುತ್ತಾ ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಒಂದೇ ಮಾತಿನ ಕೆಲಸ ಇದ್ದದ್ದು.

ಚೀಟಿ ಈ ಕಾಗದದ ಜೊತೆ ಇದೆ. ಮಡಿಕೆಯಲ್ಲಿ ಹರಿದಿದೆ, ಒಂದು ಮೂಲೆಗೆ ಸುಣ್ಣದ ಕಲೆ. ಒಲೆಗೆ ಹಾಕಬಹುದಿತ್ತು, ಯಾಕೆ ಹಾಕಲಿಲ್ಲ ಎಂಬುದಕ್ಕೆ ಒಳ್ಳೆಯ ಕಾರಣವೇನೂ ನನ್ನಲ್ಲಿಲ್ಲ. ರೇಷನ್ ಕಾರ್ಡಿನ ಡಬ್ಬಿಯಲ್ಲಿ ಅದು ಹಾಗೇ ಇತ್ತು, ಕಾರ್ಡು ತೆಗೆಯುವಾಗಲೆಲ್ಲ ಅದನ್ನು ಪಕ್ಕಕ್ಕೆ ಸರಿಸುತ್ತಿದ್ದೆ. ಶಿಲ್ಪಾ, ಕೆಳಗಿನ ಎರಡು ಸಾಲು ಕನ್ನಡದಲ್ಲಿದೆ. ಅದನ್ನು ಅಮ್ಮನಿಗೆ ಎರಡು ಸಲ ಓದು. 'ಇವರಿಗೆ ಹೂವಿನ ಪುಡಿಯಿಂದ ಅಲರ್ಜಿ ಇದೆ. ಈ ಕೆಲಸದಿಂದ ಕೂಡಲೇ ಬಿಡಿಸಬೇಕು.' ಇಷ್ಟೇ ಇರುವುದು. ನಿಮ್ಮಮ್ಮನಲ್ಲಿ ಇದ್ದದ್ದೂ ಇಷ್ಟೇ. ಮದುವೆಯ ಗಡಿಬಿಡಿ ಮುಗಿದ ಕೂಡಲೇ ಅವಳನ್ನು ಒಳ್ಳೆಯ ಡಾಕ್ಟರಿಗೆ ತೋರಿಸು, ಈ ಚೀಟಿ ಹಿಡಿದುಕೊಂಡು ಹೋಗು.

ನಾರಾಯಣಿ, ಕ್ಷಮಿಸು ಅಂತ ನಾನು ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ಬಿಡಕ್ಕಾ ಆಗೋಯ್ತು ಅಂದು ಮತ್ತೆ ಕಾಫಿ ಇಡುತ್ತೀಯ. ಬೇಡ. ಈ ಒಂದು ಸಲ ನನ್ನನ್ನು ಸುಲಭವಾಗಿ ಬಿಡಬೇಡ.

ನಾನು ನಿನಗೆ ಆ ಹೆಸರು ಹಚ್ಚಿದ್ದು ಎಂಟು ಜನರ ಮುಂದೆ, ಆಮೇಲೆ ಬೀಗರ ಮುಂದೆ. ಅದನ್ನು ಅಳಿಸುವುದೂ ಜನರ ಮುಂದೆಯೇ ಆಗಬೇಕು. ನೀನು ಇದನ್ನು ಕೇಳಿದ ಮಾರನೇ ಬೆಳಿಗ್ಗೆ, ಡೈರಿಯ ಮುಂದೆ ಎಲ್ಲರೂ ಹಾಲಿನ ಕ್ಯಾನು ಹಿಡಿದು ಸಾಲಾಗಿ ನಿಂತಿರುವಾಗ, ಕಾದ ಡಬ್ಬಿಯಿಂದ ಹಿಡಿದು ಚಿಲಕದವರೆಗೆ ಎಲ್ಲ ಹೇಳುತ್ತೇನೆ. ಸೀನಮ್ಮ ಎಂದು ನಕ್ಕವರೆಲ್ಲ ಅಲ್ಲಿಯೇ ಇರುತ್ತಾರೆ. ಮೊದಲು ನಿನಗೆ ಗೊತ್ತಾಗಲಿ ಎಂದು ಇವತ್ತು ಈ ಕಾಗದ. ನಾಳೆಯಿಂದ ಊರು ನನ್ನನ್ನು ಏನೆಂದು ಕರೆದರೂ ನಾನು ಅದೇ ಬೀದಿಯಲ್ಲಿ ಓಡಾಡಬೇಕು. ನೀನು ಹನ್ನೆರಡು ವರ್ಷ ಓಡಾಡಿದ್ದೀಯ.

ಧಾರೆಗೆ ನಾವು ನಿಲ್ಲುವುದಿಲ್ಲ. ನನ್ನ ಗಂಡನಿಗೂ ಹೇಳಿದ್ದೇನೆ. ಅವರು ಕೇಳಿ ಎದ್ದು ಹೊರಗೆ ಹೋದರು, ಊಟಕ್ಕೂ ಬರಲಿಲ್ಲ. ಈ ಕೈಯಲ್ಲಿ ನಿನ್ನ ಮಗಳಿಗೆ ಧಾರೆ ಎರೆಯುವುದು — ಈ ಕೈ ಆವತ್ತು ಏನು ಮಾಡುತ್ತಿತ್ತು ಎಂದು ನಿನಗೀಗ ಗೊತ್ತು. ನೀನು ಕೊಟ್ಟ ಕುಂಕುಮದ ಬಟ್ಟಲನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ಮದುವೆಯ ದಿನ ನಾನು ಚಪ್ಪರದ ಹತ್ತಿರ ಸುಳಿಯುವುದಿಲ್ಲ.

ನೀನು ಹೋಗು. ಹೊಸ ಸೀರೆ ಉಟ್ಟುಕೊ, ಆವತ್ತಿನ ಹಾಗೆ ತಲೆ ಬಾಚಿಕೊ. ಚಪ್ಪಲಿ ಬಿಡುವ ಜಾಗ ದಾಟಿ, ಚಪ್ಪರ ದಾಟಿ, ಒಳಗೆ ಹೋಗಿ ಗಂಡನ ಪಕ್ಕ ನಿಂತು ನಿನ್ನ ಕೈಯಾರೆ ಮಗಳಿಗೆ ಧಾರೆ ಎರೆ. ಸುತ್ತ ಸೇವಂತಿಗೆ ಇರುತ್ತದೆ, ಸೀನು ಬಂದೇ ಬರುತ್ತದೆ. ಮೂಗು ಹಿಡಿದುಕೊಳ್ಳಬೇಡ. ಗಟ್ಟಿಮೇಳದವರು ನಿಲ್ಲಿಸಿ ನೋಡಿದರೂ ಚಿಂತೆಯಿಲ್ಲ, ಎಲ್ಲರಿಗೂ ಕೇಳುವ ಹಾಗೆ ಸೀನು.